ಮುಕ್ಕಾಲು ಲೀಟರ್

ದುರ್ಗಿಗುಡಿಯ ನಮ್ಮ ಹಲ್ಲಿನ ಆಸ್ಪತ್ರೆ ಶುರುವಾದ ದಿನ
ಔಷಧಿ ಕಂಪನಿಯವರು ತಂದಿಟ್ಟಿದ್ದು ಈ ಆರ್ಕಿಡ್.
ನೇರಳೆ ಹೂ ಒಂಬತ್ತು, ಜರಿ ಕಾಗದ, ರಿಬ್ಬನ್ನು.
ಎರಡು ತಿಂಗಳು ಬಾಡಲೇ ಇಲ್ಲ;
ಸರದಿಗೆ ಕಾಯುವವರು ಬೆರಳಲ್ಲಿ ಮುಟ್ಟಿ ಕೇಳುತ್ತಿದ್ದರು,
ಪ್ಲಾಸ್ಟಿಕ್ಕಾ ಮೇಡಂ?

ಹೂ ಉದುರಿದ ಮೇಲೆ ಯಾರೂ ಕೇಳಲಿಲ್ಲ.
ನಾನೊಬ್ಬಳೇ
ಸಂಜೆ ಶಟರ್ ಎಳೆಯುವ ಮುಂಚೆ
ಜಗ್ಗಿನಲ್ಲಿ ಉಳಿದದ್ದನ್ನೆಲ್ಲ ಅದರ ಬುಡಕ್ಕೆ ಸುರಿದು
ಮನೆಗೆ ಹೋಗುತ್ತಿದ್ದೆ.
ದಿನಾ. ತಪ್ಪದೆ.
ಎಲೆ ಹಳದಿಯಾಯಿತು. ಬಾಯಾರಿರಬೇಕು ಅಂದುಕೊಂಡು
ಇನ್ನೊಂದು ಲೋಟ.

ಗುತ್ಯಪ್ಪ ಬಂದದ್ದು ಕಟ್ಟುಹಲ್ಲಿನ ಅಳತೆಗೆ.
ಮೂವತ್ತು ವರ್ಷ ಶೆಟ್ಟಿಹಳ್ಳಿ ಕಾಡಿನಲ್ಲಿ ವಾಚರ್ ಆಗಿದ್ದವರು.
ಬಾಯಲ್ಲಿ ಒಂದೂ ಇಲ್ಲ, ಮಾತೆಲ್ಲ ಗಾಳಿ.
ಕುಂಡ ಮೂಸಿ ಮುಖ ಕಿವುಚಿದರು:
‘ಮರಬಾಳೆ ಅಲ್ಲೇನವ್ವ ಇದು!
ತೊಗಟೆ ಹಿಡ್ಕಂಡು ಗಾಳಿ ಕುಡಿಯೋದನ್ನ
ತಂದು ಬಾವಿಗೆ ಹಾಕಿದೀಯಲ್ಲ.’
‘ಬಂದಳಿಕೆ ಅಂತಾರಲ್ಲ ಇದನ್ನ?’ ಅಂದೆ.
‘ಬಂದಳಿಕೆ ಮರದ ರಕ್ತ ಕುಡೀತದೆ.
ಇದು ನಿಲ್ಲಾಕೆ ಜಾಗ ಕೇಳ್ತದೆ, ಅಷ್ಟೇಯ.’
ಆಮೇಲೆ ಕುರ್ಚಿಗೆ ಒರಗಿ ಬಾಯಿ ತೆರೆದರು,
ಗುಲಾಬಿ ಮೇಣ ಕಚ್ಚಲು.

ಭಾನುವಾರ, ಟ್ಯಾಂಕ್ ಮೊಹಲ್ಲಾ, ಬಾಡಿಗೆ ಮನೆಯ ಟೆರೇಸು.
ಹಳೇ ಪೇಪರ್ ಹಾಸಿ ಕುಂಡ ಬೋರಲು ಹಾಕಿದೆ.
ನಾತ ಬಂತು, ಹುಳುಕು ದವಡೆಯ ನಾತ,
ನನಗೆ ಪರಿಚಯದ್ದೇ.
ಬೇರು ಒತ್ತಿದರೆ ಸಿಪ್ಪೆ ಕೈಗೆ ಬಂದು
ಒಳಗಿನ ದಾರ ಮಾತ್ರ ಉಳಿಯುತ್ತಿತ್ತು.
ಮೊಂಡಾಯಿತೆಂದು ಡಾಕ್ಟರು ಬಿಸಾಕಿದ್ದ ಕತ್ತರಿ
ಸ್ಟೌವಿನ ಉರಿಯಲ್ಲಿ ಕಾಯಿಸಿ, ಆರಿಸಿ
ಒಂದೊಂದೇ ಕತ್ತರಿಸಿದೆ.
ಇಪ್ಪತ್ತಮೂರು ಹೋದವು. ನಾಲ್ಕು ಉಳಿದವು.
ಗಾಯಕ್ಕೆ ದಾಲ್ಚಿನ್ನಿ ಪುಡಿ.
ನೆನೆಸಿ ಹಿಂಡಿದ ತೆಂಗಿನ ಸಿಪ್ಪೆ ಚೂರು,
ಇಸ್ತ್ರಿ ಅಂಗಡಿಯ ಮೆಹಬೂಬ್ ಕೊಟ್ಟ ಇದ್ದಲು,
ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿಗೆ
ಕಾದ ಮೊಳೆಯಲ್ಲಿ ಹದಿನಾರು ತೂತು.

ಅಕ್ಕ ಮೋಟುಗೋಡೆಗೆ ಒರಗಿ ನೋಡುತ್ತಿದ್ದಳು,
ಎಡಗೈಯ ಫಿಸ್ಟುಲಾ ಮೇಲೆ ಸೆರಗು ಎಳೆದುಕೊಂಡು.
ಮಂಗಳವಾರ, ಶುಕ್ರವಾರ ಅವಳಿಗೆ ಮೆಗ್ಗಾನ್,
ಯಂತ್ರದ ಪಕ್ಕ ನಾಲ್ಕು ಗಂಟೆ.
ಮನೆಯಲ್ಲಿ ದಿನಕ್ಕೆ ಮುಕ್ಕಾಲು ಲೀಟರ್,
ಸಾರು, ಮಜ್ಜಿಗೆ, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಿ.
ಅಳೆಯುವವಳು ನಾನು.
ಬಾಟಲಿ ಮೇಲಿನ ಪೆನ್ನಿನ ಗೆರೆ ನನ್ನದು.
ರಾತ್ರಿ ಅವಳು ನಲ್ಲಿಯ ಕಡೆ ನೋಡಿದರೆ
ನಾನು ಟೀವಿಯ ಕಡೆ ನೋಡುತ್ತೇನೆ.

‘ಇದಕ್ಕೂ ನಂದೇ ಕಾಯಿಲೆಯೇನೇ?’ ಅಂದಳು.
ನಗು ಬಂತು ಇಬ್ಬರಿಗೂ, ನಿಲ್ಲಲೇ ಇಲ್ಲ,
ಕೆಳಗಿನ ಮನೆಯವರು ಇಣುಕುವಷ್ಟು.
ನಗು ನಿಂತ ಮೇಲೆ ಗೊತ್ತಾಯಿತು
ಸಂಜೆ ಸಂಜೆ ನಾನು ಸುರಿಯುತ್ತಿದ್ದ ಆ ನೀರು
ಯಾರದೆಂದು.

ಈಗ ಅದನ್ನು ನೋಡಿಕೊಳ್ಳುವವಳು ಅವಳೇ.
ಡಬ್ಬಿಯನ್ನು ಬೆಳಕಿಗೆ ಹಿಡಿಯುತ್ತಾಳೆ:
ಬೇರು ಹಸಿರಿದ್ದರೆ ಬೇಡ.
ಬೂದಿಬಣ್ಣಕ್ಕೆ ತಿರುಗಿದ್ದರೆ ಬಕೆಟ್ಟಿನಲ್ಲಿ ಹತ್ತು ನಿಮಿಷ ಅದ್ದಿ
ಕೊನೆಯ ತೊಟ್ಟು ಬೀಳುವ ತನಕ ಎತ್ತಿ ಹಿಡಿದು ನಿಲ್ಲುತ್ತಾಳೆ.
ಆಮೇಲೂ ಬಕೆಟ್ಟಿನಲ್ಲಿ ಕೈ ಬಿಟ್ಟುಕೊಂಡು
ಸ್ವಲ್ಪ ಹೊತ್ತು.
ನಾನು ಏನೂ ಅನ್ನುವುದಿಲ್ಲ.

ಗುತ್ಯಪ್ಪ ಮೂರನೆಯ ಸಲ ಬಂದು ಹಲ್ಲು ಕೂರಿಸಿಕೊಂಡು ಹೋದರು.
‘ಸೀತಾಳೆ ಅನ್ನಿ’ ಅಂದೆ, ಪರೀಕ್ಷೆಗೆ.
‘ಸ’ ಸರಿಯಾಗಿಯೇ ಬಂತು.

ಹೂ ಇಲ್ಲ. ಎಲೆ ಎರಡು,
ಒಂದರ ತುದಿ ಇನ್ನೂ ಹಳದಿ.
ಮೊನ್ನೆ ಗುರುವಾರ ರಾತ್ರಿ ಅಕ್ಕ ಕೂಗಿದಳು.
ಎಲೆಯ ಬುಡದಲ್ಲಿ, ಸಂದಿಯಲ್ಲಿ, ಏನೋ.
ಟಾರ್ಚ್ ತಂದೆ, ಬ್ಯಾಗಿನಿಂದ ಬಾಯಿಕನ್ನಡಿ ತಂದೆ,
ಕೂಸಿನ ವಸಡು ನೋಡುವ ಹಾಗೆ
ತಲೆಗೆ ತಲೆ ತಾಗಿಸಿ ಬಗ್ಗಿದೆವು.
ಬೇರೋ, ಹೂಗಡ್ಡಿಯೋ,
ಅಕ್ಕಿಕಾಳಿನ ಮುರುಕಿನಷ್ಟು.
ಬೆರಳು ಚಾಚಿದೆ.
‘ಮುಟ್ಟಬ್ಯಾಡ’ ಅಂದಳು,
‘ಟಾರ್ಚ್ ಆರಿಸು. ಬೆಳಿಗ್ಗೆ ಬೇಗ ಏಳಬೇಕು.’